ಜವೆ ಬಣ್ಣದ ಹೇಂಟೆ

ಚೋಕೆ ಬೆಟ್ಟದ ತಪ್ಪಲಲ್ಲಿ ಆಲಿಕಲ್ಲು ಮಳೆ ನಿಂತ ಮೇಲೆ
ಅತ್ಸೆದೆಯ ಬಾಗಿಲಿಗೆ ಹೋದೆ,
ಹನ್ನೊಂದು ಹಾಳೆಯ ನಮೂನೆ ಕಂಕುಳಲ್ಲಿಟ್ಟುಕೊಂಡು.
ಕಚೇರಿ ಕೊಟ್ಟ ಬಿಳಿ ಕೋಳಿ ಬಿಟ್ಟು
ಊರ ಕೋಳಿಯನ್ನೇ ಏಕೆ ಸಾಕುತ್ತೀರಿ?
ಉತ್ತರಕ್ಕೆ ಒಂದೂವರೆ ಅಂಗುಲ ಜಾಗ.

ಆಕೆ ಕಾಫಿಬೀಜ ಹುರಿಯುತ್ತಿದ್ದಳು. ತಲೆ ಎತ್ತಲಿಲ್ಲ.
"ಕೂತುಕೋ. ಮೂರು ಸುತ್ತು ಕುಡಿಯದವರ ಪ್ರಶ್ನೆಗೆ
ಈ ಮನೆಯಲ್ಲಿ ಉತ್ತರ ಇಲ್ಲ."

ಮೊದಲ ಸುತ್ತು.
"ಐದು ಬಂದವು, ರಟ್ಟಿನ ಪೆಟ್ಟಿಗೆಯಲ್ಲಿ.
ದಿನಕ್ಕೊಂದು ಮೊಟ್ಟೆ, ಸುಳ್ಳು ಹೇಳಬಾರದು,
ಪಕ್ಕದ ಮನೆಯ ಮುಲಾತ್ ಕೂಡ ಬಂದು ನೋಡಿಹೋದ.
ಆದರೆ ಇಟ್ಟದ್ದರತ್ತ ತಿರುಗಿ ನೋಡವು,
ಸಂತೆಯಲ್ಲಿ ಚಿಲ್ಲರೆ ಬೀಳಿಸಿಕೊಂಡು ನಡೆಯುವವರ ಹಾಗೆ.
ಕಾವು ಅಂದರೇನೆಂದು ಯಾರೂ ಹೇಳಿಕೊಟ್ಟಿಲ್ಲ ಅವಕ್ಕೆ.
ಚೀಲದ ಮೇವು ಮುಗಿದ ದಿನ
ಅಂಗಳದ ನಡುವೆ ನಿಂತು ನನ್ನ ಮುಖ ನೋಡಿದವು.
ಕಾಲಡಿ ನೆಲವಿದೆ, ಕೆದಕಬಹುದು ಅಂತ ಹೊಳೆಯಲೇ ಇಲ್ಲ.
ಆಮೇಲೆ ಹದ್ದು.
ಹಸಿರು ಹೊಲದಲ್ಲಿ ಬಟ್ಟೆ ಒಣಹಾಕಿದ ಹಾಗೆ
ಅಷ್ಟು ಮೇಲಿಂದ ಕಾಣುತ್ತಿದ್ದವು, ಪಾಪ."

ಮೇವಿನ ಚೀಲಕ್ಕೆ ಬೆಲೆ ಎಷ್ಟು, ಕೇಳಿದೆ; ನಮೂನೆಯಲ್ಲಿತ್ತು.
"ಪಟ್ಟಣದಿಂದ ಬಂದವನು ನೀನು. ನೀನೇ ಹೇಳು."

ಎರಡನೇ ಸುತ್ತಿನ ಹೊತ್ತಿಗೆ
ಹೇಂಟೆಯೊಂದು ನನ್ನ ಷೂ ದಾಟಿ ಒಳಬಂತು,
ಬೂದಿಯಲ್ಲಿ ಹೊರಳಿದ ಜವೆತೆನೆಯ ಬಣ್ಣ.
ಗೆಬ್ಸಿಮಾ ಅನ್ನುತ್ತಾರೆ ಇಲ್ಲಿ, ಜವೆಯಂಥದ್ದು ಅಂತ.
ಕೂತರೆ ಒಣಹುಲ್ಲು, ನಡೆದರೆ ಮಾತ್ರ ಕೋಳಿ.

"ಇದರ ತಾಯಿಯನ್ನು ಮಾರಿ ಫಂತಾಯೆಗೆ ಪುಸ್ತಕ ತಂದೆ.
ಇದರ ಅಜ್ಜಿಯ ಅಜ್ಜಿಯ ಅಜ್ಜಿ
ನಾನು ಮದುವೆಯಾಗಿ ಬರುವಾಗ ನನ್ನ ಮಡಿಲಲ್ಲಿತ್ತು.
ರೋಗ ಬಂದರೆ ಇವೂ ಸಾಯುತ್ತವೆ, ಬರೆದುಕೋ,
ಆಚೆ ವರ್ಷ ಒಂದೇ ರಾತ್ರಿ ಗುಡಿಸಿ ಹಾಕಿದ ಹಾಗೆ ಹೋಗಿ
ಮೂರು ಉಳಿದವು. ಮೂರರಿಂದ ಮತ್ತೆ ಅಂಗಳ ತುಂಬಿತು,
ಯಾರ ಕಚೇರಿಯ ಮುಂದೆಯೂ ನಾನು ಸಾಲು ನಿಲ್ಲಲಿಲ್ಲ.

ಉಪವಾಸ ಮುರಿಯುವ ಹಬ್ಬಕ್ಕೆ ಕೆಂಪು ಹುಂಜ, ಅದೂ ಜೋಡಿ ಜುಟ್ಟಿನದು,
ಸಂತೆಗೆ ಒಯ್ದು ನೋಡು. ಬೆಲೆ ಕೇಳುವುದಿಲ್ಲ,
ನೋಟು ತುರುಕುತ್ತಾರೆ ಕೈಗೆ.
ಬಿಳಿಯದನ್ನೂ ಕೊಯ್ದೆವು ಒಮ್ಮೆ. ಹನ್ನೆರಡು ತುಂಡು ಮಾಡಬೇಕು,
ನಿನ್ನಮ್ಮ ಹೇಳಿರುತ್ತಾಳೆ. ಮಾಡಿದೆ.
ಈರುಳ್ಳಿ ಕರಗುವಷ್ಟರಲ್ಲಿ ಮಾಂಸ ಮೂಳೆಯಿಂದ ಜಾರಿ
ಸಾರೆಲ್ಲ ಗಂಜಿ.
ಮಾವ ತಮ್ಮ ಪಾಲಿನ ತುಂಡು ಹುಡುಕಿದರು, ಹುಡುಕಿದರು..."
ನಗು ತಡೆಯಲಾರದೆ ಸೆರಗಿಂದ ಬಾಯಿ ಮುಚ್ಚಿದಳು.

ನಾನು ಬರೆದೆ: ರುಚಿ. ಹೊಡೆದು ಹಾಕಿದೆ.
ಬರೆದೆ: ಬಣ್ಣ, ಕಾವು. ಜಾಗ ಮುಗಿಯಿತು.
ನನ್ನಮ್ಮನೂ ಹನ್ನೆರಡೇ ಮಾಡುತ್ತಿದ್ದಳು.
ನಾನು ತಿಂದವನು, ಎಣಿಸಿದವನಲ್ಲ.

ಮೂರನೇ ಸುತ್ತು ತೀರಾ ತೆಳು. ಹೊತ್ತು ಇಳಿಯಿತು.
ಕೋಳಿಗಳು ಒಂದೊಂದೇ ಒಳಬಂದು
ಒಲೆಯ ಮೇಲಿನ ಅಡ್ಡಗಳು ಏರಿದವು.
ದೀಪ ಹಚ್ಚದೆ ಕೈಯಲ್ಲೇ ಎಣಿಸಿದಳು,
ಬೆನ್ನು ಮುಟ್ಟಿ, ಒಂದೊಂದಕ್ಕೆ ಒಂದೊಂದು ಮಾತಾಡಿ.
ಆರು. ಏಳು. ಮತ್ತೆ ಮೊದಲಿಂದ.
ಏಳೇ.

"ಎಂಟು ಅಂದಿದ್ದಿರಿ," ಅಂದೆ. ಪೆನ್ನು ತೆಗೆದೆ.
ಐದನೇ ಹಾಳೆ, ಮೂರನೇ ಸಾಲು: ಕಳೆದುಹೋದವು.

ಕತ್ತಲಲ್ಲಿ ಅವಳ ಕೈ ಬಂದು ಹಾಳೆಯ ಮೇಲೆ ಕೂತಿತು.
ಗರಿಯ ಬಿಸುಪು ಇನ್ನೂ ಇತ್ತು ಅದಕ್ಕೆ.
"ಕಪ್ಪು ಹೇಂಟೆ ಅದು. ಹದಿನಾಲ್ಕು ದಿನವಾಯ್ತು.
ಬೇಲಿಯಾಚೆ ಎಲ್ಲೋ, ನನಗೂ ಹೇಳದೆ, ಕೂತಿದೆ.
ಇನ್ನೊಂದು ವಾರ ತಡಿ, ಮಗನೇ.
ಆಮೇಲೆ ಬಾ ಎಣಿಸುವುದಕ್ಕೆ."